ಹಳೆಯ ಸಿನಿಮಾದ ರೆಕಾರ್ಡಿಂಗ್ ಕೋಣೆಯಲ್ಲಿ ಕಂಡ ಮೈಕ್ ಯಾವುದು?

ಮಳೆಗಾಲದ ಒಂದು ರಾತ್ರಿ ಮೈಸೂರಿನ ಸರಸ್ವತಿಪುರಂನ ಗೆಳೆಯನ ಮನೆಯಲ್ಲಿ ನಾಲ್ಕು ಜನ ಕೂತು ವಿದೇಶದ ಸಿನಿಮಾ ಒಂದನ್ನು ನೋಡುತ್ತಿದ್ದೆವು. ಬಿಡುಗಡೆಯಾದಾಗ ಯಾರೂ ತಿರುಗಿ ನೋಡದೆ, ಆಮೇಲೆ ಸಿನಿಮಾ ಹುಚ್ಚಿನವರ ಬಾಯಿಂದ ಬಾಯಿಗೆ ಹರಡಿ ಕಲ್ಟ್ ಆದ ಚಿತ್ರ ಅದು. ಕಥೆ ನಡೆಯುವುದು 1957ರಲ್ಲಿ, ಚಿತ್ರೀಕರಣ ಆದದ್ದು 70ರ ದಶಕದಲ್ಲಿ. ಗಾಯಕಿ ಮೈಕ್ ಮುಂದೆ ಬಂದು ನಿಂತಳು. ಅಲ್ಲಿಗೆ ನಮ್ಮ ಜಗಳ ಶುರು. ಅದು ಜರ್ಮನಿಯ ನ್ಯೂಮನ್ ಕಂಪನಿಯ ಯು 87 ಎಂದು ಇಬ್ಬರು, ಯು 67 ಎಂದು ಇನ್ನಿಬ್ಬರು. ಹಾಡು ಮುಗಿದರೂ ಮಾತು ಮುಗಿಯಲಿಲ್ಲ.

ಇಂಥ ಸಲಕರಣೆಯನ್ನು ಗುರುತಿಸುವುದು ಬರೀ ಕುತೂಹಲದ ಆಟವಲ್ಲ. ಯಾವ ಕೋಣೆಯಲ್ಲಿ, ಯಾವ ಕಾಲದಲ್ಲಿ, ಎಂಥ ಕೈಗಳು ಆ ದನಿಯನ್ನು ಹಿಡಿದಿಟ್ಟವು ಎಂಬುದೆಲ್ಲ ಅದರಿಂದ ತಿಳಿಯುತ್ತದೆ. ನಾವು ಕಲಿತ ದಾರಿಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಚಿತ್ರವನ್ನು ನಿಲ್ಲಿಸಿ ನೋಡಬೇಕು. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಇದ್ದರೆ ‘ಇ’ ಕೀ ಒತ್ತಿದಾಗಲೆಲ್ಲ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಸಾಧನ ಕಾಣುವ ಪ್ರತಿ ಶಾಟ್‌ನಿಂದ ಎರಡು ಮೂರು ಫ್ರೇಮ್ ತೆಗೆದಿಟ್ಟುಕೊಳ್ಳಿ. ಮಸುಕಾದರೂ ಪರವಾಗಿಲ್ಲ. ಎದುರಿನಿಂದ ಕಾಣದ ಸ್ವಿಚ್ಚು ಪಕ್ಕದ ಕೋನದಲ್ಲಿ ಕಂಡೀತು. ಚಿತ್ರ ಎಡಬಲ ತಿರುಗಿದೆಯೇ ಎಂದೂ ನೋಡಿ. ಚಕ್ರಗಳಿಗೆ ಟೇಪು ಸುತ್ತಿ ದನಿ ಮುದ್ರಿಸುವ ಹೆಚ್ಚಿನ ಸ್ಪೂಲ್ ಯಂತ್ರಗಳಲ್ಲಿ ಟೇಪು ಎಡಗಡೆಯ ಚಕ್ರದಿಂದ ಬಲಗಡೆಗೆ ಹೋಗುತ್ತದೆ. ಉಲ್ಟಾ ಹೋಗುತ್ತಿದ್ದರೆ ಕನ್ನಡಿಯ ಬಿಂಬವೋ, ರಿವೈಂಡ್ ಆಗುತ್ತಿದೆಯೋ ಎಂದು ಅನುಮಾನಿಸಿ.

ಆಮೇಲೆ ಮೈಕ್‌ನ ಆಕಾರ. ಮೂಲೆಗಳನ್ನು ಕತ್ತರಿಸಿದಂತಿರುವ ದೊಡ್ಡ ತಲೆ, ಎತ್ತಿದರೆ ಕೈ ಸೋಲುವಷ್ಟು ಭಾರ ಎನ್ನಿಸಿದರೆ ಅದು ಅಮೆರಿಕದ ಆರ್‌ಸಿಎ 44 ಇರಬಹುದು. 1930ರ ದಶಕದ ರಿಬ್ಬನ್ ಮೈಕ್, ಅಂದರೆ ತೆಳ್ಳನೆಯ ಲೋಹದ ಪಟ್ಟಿಯಿಂದ ದನಿ ಹಿಡಿಯುವ ಮೈಕ್ ಅದು. ಗುಳಿಗೆಯಂತೆ ಎರಡು ತುದಿಯೂ ಗುಂಡಾಗಿದ್ದರೆ ಅದೇ ಕಂಪನಿಯ 77. ಹಳೆ ಕಾರಿನ ಮುಂಭಾಗದ ಜಾಲರಿಯಂತೆ ಉದ್ದುದ್ದ ಪಟ್ಟಿಗಳಿದ್ದರೆ ಶೂರ್ 55, 1939ರ ಮಾದರಿ. ಈ ಕೊನೆಯದನ್ನು ಕಂಡರೆ ಮಾತ್ರ ಹುಷಾರಾಗಿರಿ. ಅದೇ ರೂಪದ ಮೈಕ್ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ‘ಹಳೇ ಕಾಲ’ ತೋರಿಸಬೇಕಾದ ಕಲಾ ನಿರ್ದೇಶಕರು ಮೊದಲು ಕೈ ಹಾಕುವುದು ಅದಕ್ಕೇ.

ನ್ಯೂಮನ್ ಮೈಕ್‌ಗಳು ಇನ್ನೂ ತೊಡಕು. 1949ರ ಯು 47 ಮೇಲಿಂದ ಕೆಳತನಕ ಹೆಚ್ಚುಕಡಿಮೆ ಒಂದೇ ಗಾತ್ರದ ದಪ್ಪ ಕೊಳವೆ. 1960ರ ಯು 67 ಮತ್ತು 1967ರ ಯು 87 ಹಾಗಲ್ಲ. ಮನೆಯ ಸೂರಿನಂತೆ ಇಳಿಜಾರಾದ ಜಾಲರಿಯ ತಲೆ, ಕೆಳಗೆ ಹೋದಂತೆ ಸಣ್ಣಗಾಗುವ ಮೈ. ಆದರೆ ಇವೆರಡನ್ನೂ ಪಕ್ಕಪಕ್ಕ ಇಟ್ಟರೂ ದೂರದಿಂದ ಅವಳಿಗಳೇ. ನಮ್ಮ ಜಗಳ ಸಿಕ್ಕಿಕೊಂಡದ್ದು ಇಲ್ಲೇ.

ಮರುದಿನ ಫೋಟೋಗಳನ್ನು ಹಿಡಿದು ಬಾನುಲಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯ ಇಂಜಿನಿಯರ್ ಒಬ್ಬರ ಮನೆಗೆ ಹೋದೆವು. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಶುರು ಮಾಡಿದ ಊರು ಮೈಸೂರು. ಬಾನುಲಿ ಕೇಂದ್ರವಿರುವ ಯಾದವಗಿರಿಯ ಸುತ್ತಮುತ್ತ ವಿಚಾರಿಸಿದರೆ ಇಂಥ ಹಿರಿಯರು ಈಗಲೂ ಸಿಗುತ್ತಾರೆ. ಅವರು ಕನ್ನಡಕ ಹಾಕಿಕೊಂಡು ಫೋಟೋಗಳನ್ನು ಒಂದೊಂದಾಗಿ ನೋಡಿ, “ಮೈಕ್ ಆಮೇಲೆ ನೋಡಪ್ಪ, ಅದರ ವೈರು ಎಲ್ಲಿಗೆ ಹೋಗುತ್ತೆ ಅಂತ ಮೊದಲು ನೋಡು” ಅಂದರು.

ಆ ಒಂದು ಮಾತಿನಿಂದ ನಮ್ಮ ಕಣ್ಣು ತೆರೆಯಿತು. ಯು 67 ಒಳಗೆ ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್ ಇದೆ. ಅದಕ್ಕೆ ಬೇರೆಯೇ ವಿದ್ಯುತ್ ಪೆಟ್ಟಿಗೆ ಬೇಕು. ಮೈಕ್‌ನಿಂದ ಬಂದ ವೈರು ಆ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಇನ್ನೊಂದು ವೈರು ಗೋಡೆಗೆ ಹೋಗುತ್ತದೆ. ಯು 87 ಟ್ರಾನ್ಸಿಸ್ಟರ್ ಮೈಕ್. ಅದಕ್ಕೆ ಆ ಪೆಟ್ಟಿಗೆಯ ಹಂಗಿಲ್ಲ.

ಟೇಪ್ ಯಂತ್ರಕ್ಕೂ ಇದೇ ನಿಯಮ. ಹೆಸರಿನ ಫಲಕ ಹುಡುಕಬೇಡಿ, ಟೇಪು ಹೋಗುವ ದಾರಿ ನೋಡಿ. ಟೇಪಿನ ಅಂಚಿನಲ್ಲಿ ಸಿನಿಮಾ ರೀಲಿನ ಹಾಗೆ ತೂತುಗಳಿದ್ದರೆ ಅದು ಹಾಡಿನ ಸ್ಟುಡಿಯೋದ ಯಂತ್ರವಲ್ಲ. ಚಿತ್ರದ ಜೊತೆ ದನಿ ಹೆಜ್ಜೆ ತಪ್ಪದಂತೆ ಓಡಿಸುವ ಡಬ್ಬಿಂಗ್ ಥಿಯೇಟರಿನ ಮ್ಯಾಗ್ನೆಟಿಕ್ ಫಿಲ್ಮ್ ಯಂತ್ರ. ಚಕ್ರದ ಮೇಲಿನ ತಟ್ಟೆಯೇ ಇಲ್ಲದೆ, ಟೇಪಿನ ಸುರುಳಿ ರೊಟ್ಟಿಯಂತೆ ಬರಿದಾಗಿ ಕೂತಿದ್ದರೆ ಅದು ಯುರೋಪಿನ ರೇಡಿಯೋ ಕೇಂದ್ರಗಳ ಪದ್ಧತಿ. ಹೆಗಲಿಗೆ ಹಾಕಿಕೊಂಡು ಹೋಗುವ ಪುಟ್ಟ ಯಂತ್ರವಾದರೆ ನಾಗ್ರಾ ಇರಬಹುದು. ಪೋಲೆಂಡಿನಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ ಸ್ಟೆಫಾನ್ ಕುಡೆಲ್ಸ್ಕಿ ಮಾಡಿದ ಯಂತ್ರ ಅದು. ಪೋಲಿಷ್ ಭಾಷೆಯಲ್ಲಿ ಆ ಹೆಸರಿಗೆ ‘ಧ್ವನಿ ಮುದ್ರಿಸುತ್ತದೆ’ ಎಂದೇ ಅರ್ಥ. 1958ರ ನಾಗ್ರಾ 3 ಬಂದಮೇಲೆ ಹೊರಾಂಗಣದಲ್ಲಿ ದನಿ ಹಿಡಿಯುವವರ ಹೆಗಲಿನ ಭಾರವೇ ಬದಲಾಯಿತು.

ಯಂತ್ರ ನಿಜವಾಗಿ ಓಡುತ್ತಿದೆಯೇ ಎಂದು ತಿಳಿಯಲು ನನಗೆ ತುಂಬ ಇಷ್ಟವಾದ ಒಂದು ಲೆಕ್ಕವಿದೆ. ಸ್ಟುಡಿಯೋದ ದೊಡ್ಡ ಚಕ್ರ ಹತ್ತೂವರೆ ಇಂಚಿನದು. ಟೇಪು ತುಂಬಿದ್ದಾಗ ಅದರ ಸುತ್ತಳತೆ ಸುಮಾರು 80 ಸೆಂಟಿಮೀಟರ್. ಸ್ಟುಡಿಯೋದ ರೂಢಿಯ ವೇಗ ಸೆಕೆಂಡಿಗೆ 38 ಸೆಂಟಿಮೀಟರ್. ಅಂದರೆ ತುಂಬಿದ ಚಕ್ರ ಒಂದು ಸುತ್ತು ಬರಲು ಎರಡು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅದು ಸುಮಾರು 50 ಫ್ರೇಮ್. ಚಕ್ರದ ಒಂದು ಕಿಂಡಿಯನ್ನು ಗುರುತು ಹಾಕಿಕೊಂಡು, ಅದು ಮತ್ತೆ ಅದೇ ಜಾಗಕ್ಕೆ ಬರುವವರೆಗೆ ಎಣಿಸಿ. 50ರ ಆಸುಪಾಸು ಬಂದರೆ ಯಂತ್ರ ದುಡಿಯುತ್ತಿದೆ. 100 ಬಂದರೆ ಅರ್ಧ ವೇಗ. 15ಕ್ಕೇ ಒಂದು ಸುತ್ತು ಮುಗಿದರೆ ರಿವೈಂಡ್ ಗುಂಡಿ ಒತ್ತಿ ‘ರೆಕಾರ್ಡಿಂಗ್ ನಡೀತಿದೆ’ ಎಂದು ನಮಗೆ ತೋರಿಸುತ್ತಿದ್ದಾರೆ.

ದನಿಯ ಮಟ್ಟ ತೋರಿಸುವ ಮೀಟರಿನ ಮುಖವನ್ನೂ ಬಿಡಬೇಡಿ. ಕೆನೆ ಬಣ್ಣದ ಹಿನ್ನೆಲೆ, ಸೊನ್ನೆ ದಾಟಿದ ಮೇಲೆ ಕೆಂಪು ಪಟ್ಟಿ, ನಿಧಾನಕ್ಕೆ ತೂಗಾಡುವ ಮುಳ್ಳು ಇದ್ದರೆ ವಿಯು ಮೀಟರ್. ಇದು ಅಮೆರಿಕದಲ್ಲಿ 1939ರಲ್ಲಿ ರೂಢಿಗೆ ಬಂದದ್ದು. ಕಪ್ಪು ಮುಖದ ಮೇಲೆ 1ರಿಂದ 7ರವರೆಗೆ ಬಿಳಿ ಅಂಕಿ, ಥಟ್ಟನೆ ಏರಿ ಮೆಲ್ಲಗೆ ಇಳಿಯುವ ಮುಳ್ಳು ಇದ್ದರೆ ಬಿಬಿಸಿ ಮಾದರಿಯ ಪೀಕ್ ಮೀಟರ್. ಕಥೆ ನಡೆಯುವುದು ಲಂಡನ್ನಿನಲ್ಲೋ ಅಮೆರಿಕದಲ್ಲೋ ಎಂಬುದಕ್ಕೂ ಸೆಟ್ಟಿನ ಸಾಮಾನು ಎಲ್ಲಿಂದ ಬಂತು ಎಂಬುದಕ್ಕೂ ತಾಳೆ ಇದೆಯೇ ಎಂದು ಇದರಿಂದ ಗೊತ್ತಾಗುತ್ತದೆ.

ಕೊನೆಗೆ ಇಸವಿಗಳನ್ನು ಜೋಡಿಸಬೇಕು. ಕಥೆಯ ಕಾಲ, ಚಿತ್ರೀಕರಣದ ಕಾಲ, ಸಾಧನ ಹುಟ್ಟಿದ ಕಾಲ, ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ಹಳೆಯ ಸಾಧನ ಹೊಸ ಕೋಣೆಯಲ್ಲಿ ಇರಬಹುದು, ಒಳ್ಳೆಯ ಮೈಕನ್ನು ಯಾರೂ ಎಸೆಯುವುದಿಲ್ಲ. ಆದರೆ ಇನ್ನೂ ಹುಟ್ಟದ ಸಾಧನ ಕೋಣೆಯಲ್ಲಿ ಇರಲಾರದು. ಕಪ್ಪು ಪೆಟ್ಟಿಗೆಯಲ್ಲಿ ಬಿಳಿ ಕೋನ್ ಇರುವ ಯಮಾಹಾ ಎನ್‌ಎಸ್ 10 ಸ್ಪೀಕರ್ ಬಂದದ್ದು 1978ರಲ್ಲಿ. ಅದಕ್ಕಿಂತ ಹಿಂದಿನ ಕಥೆಯಲ್ಲಿ ಅದು ಕಂಡರೆ ತಪ್ಪು ತಪ್ಪೇ.

ಆ ಸಂಜೆ ಗೆಳೆಯನ ಮನೆಯಲ್ಲಿ ಮತ್ತೆ ಚಿತ್ರ ಹಾಕಿದೆವು. ಈ ಸಲ ಯಾರೂ ಗಾಯಕಿಯ ಮುಖ ನೋಡಲಿಲ್ಲ, ಎಲ್ಲರ ಕಣ್ಣೂ ನೆಲದ ಮೇಲೆ. ಮೂರನೆಯ ಶಾಟ್‌ನಲ್ಲಿ ಅವಳು ಹಾಳೆ ತಿರುವಲು ಪಕ್ಕಕ್ಕೆ ಸರಿದಾಗ, ಸ್ಟ್ಯಾಂಡಿನ ಕಾಲಿನ ಹಿಂದೆ ಪುಟ್ಟ ಪೆಟ್ಟಿಗೆಯೊಂದು ಹನ್ನೊಂದು ಫ್ರೇಮ್‌ಗಳಷ್ಟು ಹೊತ್ತು ಕಂಡಿತು. ಒಂದು ವೈರು ಒಳಗೆ, ಒಂದು ವೈರು ಹೊರಗೆ. ಗೆಳೆಯ ನೋಟ್‌ಬುಕ್ ತೆಗೆದು ಬರೆದ: ಮೈಕ್ ಯು 67, ಹುಟ್ಟಿದ್ದು 1960, ಕಥೆಗಿಂತ ಮೂರು ವರ್ಷ ಚಿಕ್ಕದು.