ಗೊಂಬೆಗೆ ಮೊದಲು ಡ್ರಿಪ್, ಆಮೇಲೆ ಮಗುವಿಗೆ

"ಸಿಸ್ಟರ್, ಇದು ವಾರ್ಡೋ ಅಂಗನವಾಡಿಯೋ?" ಅಂತ ಕೇಳಿದ ಡಾಕ್ಟರೇ ಈಗ ಕ್ಯಾನುಲಾ (ನರಕ್ಕೆ ಡ್ರಿಪ್ ಕೊಡುವ ಸಣ್ಣ ನಳಿಕೆ) ಹಾಕುವ ಮುಂಚೆ "ಗೊಂಬೆ ಆಟ ಮುಗೀತಾ?" ಅಂತ ವಿಚಾರಿಸುತ್ತಾರೆ. ಮಕ್ಕಳ ವಾರ್ಡಿನ ಸಿಸ್ಟರ್‌ಗಳಿಗಾಗಿಯೇ ಸೂಜಿಗೆ ಹೆದರುವ ಮಗುವನ್ನು ಗೊಂಬೆ ಆಟದಿಂದ ಹೇಗೆ ಸಿದ್ಧಮಾಡುವುದು ಅಂತ ಬರೆಯುತ್ತಿದ್ದೇನೆ. ನರ ಹುಡುಕುವುದು, ಕೈ ಅಲ್ಲಾಡದಂತೆ ಸ್ಪ್ಲಿಂಟ್ ಕಟ್ಟುವುದು ನಿಮಗೆ ಗೊತ್ತೇ ಇದೆ, ಬಿಡಿ.

ನಾವೂ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ದಾನಿಯೊಬ್ಬರು ಕೊಟ್ಟ ನಾಲ್ಕು ಸಾವಿರ ಚಿಲ್ಲರೆ ರೂಪಾಯಿಯಲ್ಲಿ ದೊಡ್ಡ ದೊಡ್ಡ ಟೆಡ್ಡಿ ಬೇರ್ ತಂದೆವು. ಎರಡೇ ವಾರಕ್ಕೆ ವಾಂತಿ, ಸಿಂಬಳ ಅಂಟಿ ಗಬ್ಬು ನಾತ. ಒಗೆದರೆ ಮಳೆಗಾಲದಲ್ಲಿ ಒಣಗಲೇ ಇಲ್ಲ. ಇನ್ಫೆಕ್ಷನ್ ಕಂಟ್ರೋಲ್‌ನವರು ತೆಗೆಸಿಬಿಟ್ಟರು, ಅವರು ಮಾಡಿದ್ದು ಸರಿಯೇ. ಆಮೇಲೆ ಮೊಬೈಲ್ ಕಾರ್ಟೂನ್. ಸೂಜಿ ತಗಲುವ ತನಕ ನಗು, ತಗಲಿದ ಕೂಡಲೇ ಕಿರುಚಾಟ. ಮಾರನೇ ದಿನ ಮೊಬೈಲ್ ಕಂಡರೇ ಅಳು ಶುರು. ಮೋಸ ಹೋದೆ ಅಂತ ಮಗುವಿಗೆ ಅನಿಸಿರುತ್ತೆ, ಅಲ್ವಾ?

ಕೊನೆಗೆ ಕೈ ಹಿಡಿದದ್ದು ಬಟ್ಟೆ ಗೊಂಬೆ. ಆಸ್ಪತ್ರೆ ಎದುರಿನ ಟೈಲರ್ ಅಣ್ಣನಿಗೆ ಹಸಿರು ಕಾಟನ್ ಬಟ್ಟೆ ಕೊಟ್ಟು ಒಂದು ಗೇಣುದ್ದ ಹೊಲಿಸಿದೆ. ಒಳಗೆ ತುಂಬಿದ್ದು ಅವರ ಅಂಗಡಿಯ ಚೂರುಬಟ್ಟೆಯೇ. ಒಂದಕ್ಕೆ ಮೂವತ್ತೈದು ನಲವತ್ತು ರೂಪಾಯಿ ಬಿತ್ತು. ಮುಖ ಬರೆಸಲಿಲ್ಲ. ಮಾರ್ಕರ್ ಕೊಟ್ಟು ಮಗುವಿನ ಕೈಯಿಂದಲೇ ಬರೆಸುತ್ತೇನೆ. ಒಂದು ಗೊಂಬೆ ಒಂದೇ ಮಗುವಿಗೆ, ಹೋಗುವಾಗ ಮನೆಗೆ. ಒಗೆಯುವ ತಲೆನೋವೇ ಇಲ್ಲ.

ಆಮೇಲೆ ಮಗುವೇ ಡಾಕ್ಟರ್. ಅವಧಿ ಮುಗಿದ, ಇನ್ನೂ ಬಿಚ್ಚದ ಹಳದಿ 24 ನಂಬರ್ (ಮಕ್ಕಳಿಗೆ ಬಳಸುವ ಸಣ್ಣ ಅಳತೆಯ) ಕ್ಯಾನುಲಾ ತೆಗೆದುಕೊಳ್ಳಿ. ಸೂಜಿಯನ್ನು ನೀವೇ ಎಳೆದು ಸೂಜಿ ಎಸೆಯುವ ಬಿಳಿ ಡಬ್ಬಕ್ಕೆ ಹಾಕಿ, ಮಗುವಿನ ಕೈಗೆ ಪ್ಲಾಸ್ಟಿಕ್ ನಳಿಕೆ ಮಾತ್ರ ಕೊಡಿ. ಬಳಸಿದ ಡ್ರಿಪ್ ಸೆಟ್ಟು ಆಸ್ಪತ್ರೆ ಕಸದ ಕೆಂಪು ಚೀಲಕ್ಕೇ ಹೋಗಬೇಕು, ಆಟಕ್ಕೆ ಬೇಡವೇ ಬೇಡ. ಮಗು ಗೊಂಬೆಯ ಕೈ ಸ್ಪಿರಿಟ್ ಹತ್ತಿಯಿಂದ ಒರೆಸುತ್ತೆ, ಪಟ್ಟಿ ಹಚ್ಚುತ್ತೆ, ಬೈಯುತ್ತೆ ಕೂಡ. ಬೈಯಲಿ, ತಡೆಯಬೇಡಿ. ಅದರ ಭಯವೆಲ್ಲ ಆ ಬೈಗುಳದಲ್ಲೇ ಹೊರಗೆ ಬರುತ್ತೆ.

ಥಲಸೀಮಿಯಾಕ್ಕೆ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುವ ಒಂದು ಪುಟ್ಟ ಹುಡುಗಿ ಇದ್ದಾಳೆ. ಮೊದಲು ಮೂವರು ಹಿಡಿಯಬೇಕಿತ್ತು. ಇಂಥ ಮಕ್ಕಳು ಬರುವ ದಿನ ಮೊದಲೇ ಗೊತ್ತಿರುತ್ತೆ. ಚರ್ಮ ಮರಗಟ್ಟಿಸುವ ಕ್ರೀಮ್ ಸಿಕ್ಕರೆ ಹಚ್ಚಿ ಒಂದು ಗಂಟೆ ಕಾಯಬೇಕಲ್ಲ, ಆ ಒಂದು ಗಂಟೆಯೇ ಆಟದ ಹೊತ್ತು. ಅವಳು ಗೊಂಬೆಯ ಕೈಗೆ ಡೈನಾಪ್ಲಾಸ್ಟ್ ಅಂಟುಪಟ್ಟಿ ಸುತ್ತುತ್ತಾ ಹೇಳಿದ ಮಾತು: "ಅಲ್ಲಾಡಬಾರ್ದು. ಅಳಬಹುದು." ಆಮೇಲೆ ಅಮ್ಮನ ತೊಡೆ ಮೇಲೆ ಕೂತು ಕೈ ಚಾಚಿದಳು. ಅತ್ತಳು, ಅಲ್ಲಾಡಲಿಲ್ಲ. ಈಗ ನಾನು ಎಲ್ಲ ಮಕ್ಕಳಿಗೂ ಅದನ್ನೇ ಹೇಳುತ್ತೇನೆ. "ನೋವೇ ಆಗಲ್ಲ" ಅನ್ನುವುದನ್ನು ನಮ್ಮ ವಾರ್ಡಿನಲ್ಲಿ ನಿಲ್ಲಿಸಿದ್ದೇವೆ.

ಮಲಗಿಸಿ ಒತ್ತಿ ಹಿಡಿಯುವುದೂ ಹೆಚ್ಚುಕಮ್ಮಿ ನಿಂತಿದೆ. ಮೊದಲು ಹತ್ತರಲ್ಲಿ ಏಳೆಂಟು ಮಕ್ಕಳನ್ನು ಹಿಡಿಯಬೇಕಿತ್ತು, ಈಗ ಎರಡೋ ಮೂರೋ. ಇಪ್ಪತ್ತು ನಿಮಿಷದ ಕೆಲಸ ಹತ್ತಕ್ಕೆ ಮುಗಿಯುತ್ತೆ. ಮೊದಲ ಸಲಕ್ಕೇ ನರ ಸಿಗುವುದೂ ಜಾಸ್ತಿ. ಇದು ನನಗೆ ಹೆಮ್ಮೆಯ ವಿಷಯ, ಹೇಳಿಕೊಳ್ಳಲು ಸಂಕೋಚವಿಲ್ಲ. ಒಂದೂವರೆ, ಎರಡು ವರ್ಷದೊಳಗಿನವರಿಗೆ ಗೊಂಬೆ ನಡೆಯಲ್ಲ. ಅವರಿಗೆ ಅಮ್ಮನ ಮಡಿಲು, ಎದೆಹಾಲು. ಸ್ವಲ್ಪ ದೊಡ್ಡವರಿಗೆ ಇಪ್ಪತ್ತು ರೂಪಾಯಿಯ ಸೋಪಿನ ಗುಳ್ಳೆ ಡಬ್ಬಿ ಸಾಕು. ಊದುವಾಗ ಉಸಿರು ತಾನಾಗಿಯೇ ಉದ್ದವಾಗುತ್ತೆ.

ನಡುವೆ ಇನ್ನೊಂದನ್ನೂ ಮಾಡಿ ನೋಡಿದೆ. ಹಳೇ ಎಕ್ಸ್‌ರೇ ಫಿಲ್ಮ್ ಕತ್ತರಿಸಿ, ಬಣ್ಣ ಹಚ್ಚಿ, ತೊಗಲುಗೊಂಬೆ ಥರ ಟಾರ್ಚ್ ಬೆಳಕಲ್ಲಿ ಆಡಿಸುವುದು. ರಾತ್ರಿ ಪಾಳಿಯಲ್ಲಿ ಮನೆ ನೆನೆಸಿಕೊಂಡು ಅಳುವವರಿಗೆ ತುಂಬ ಚೆನ್ನಾಗಿ ಹಿಡಿಸಿತು. ಅಂಚು ಮಾತ್ರ ಚೂಪು, ಸುತ್ತ ಟೇಪ್ ಅಂಟಿಸಬೇಕು. ಗ್ಲೌಸ್ ಊದಿ ಬಲೂನು ಮಾಡಿಕೊಡುವುದನ್ನು ಬಿಟ್ಟಿದ್ದೇನೆ, ಒಡೆದ ಚೂರು ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ.

ಸೂಜಿ ತಗಲುವ ಆ ಕ್ಷಣದಲ್ಲಿ ಗೊಂಬೆಯ ಕೈಯಲ್ಲಿ ಏನು ಇರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ವಾರ್ಡಿಗೆ ಬನ್ನಿ, ತೋರಿಸುತ್ತೇನೆ. ಈಗ ಮೂಳೆ ವಿಭಾಗದವರೂ ಗೊಂಬೆ ಕೇಳಿದ್ದಾರೆ. ಒಂದರ ಕಾಲಿಗೆ ಪ್ಲಾಸ್ಟರ್ ಹಾಕಿ ಒಣಗಿಸಿಟ್ಟಿದ್ದೇನೆ. ಅದನ್ನು ಕತ್ತರಿಸುವ ಮೆಷಿನ್ ಸದ್ದಿಗೆ ಮಕ್ಕಳು ಬೆಚ್ಚದಂತೆ ಏನು ಮಾಡಬೇಕು ಅನ್ನುವುದು ಇನ್ನೂ ಬಾಕಿ.