ಹೀಟ್ ಪಂಪ್ ಗೀಸರಿಗೆ ಜೊತೆ ಎಲಿಮೆಂಟ್: ಎಷ್ಟು ವ್ಯಾಟ್, ಎಲ್ಲಿ ಕೂರಿಸಬೇಕು, ಯಾವಾಗ ಓಡಬೇಕು

ಹೀಟ್ ಪಂಪ್ ಕರೆಂಟಿನಿಂದ ನೇರವಾಗಿ ನೀರು ಕಾಯಿಸುವುದಿಲ್ಲ. ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ದಾಟಿಸುತ್ತದೆ. ಹಾಗಾಗಿಯೇ ಹದವಾದ ಹವೆಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ. ಗಾಳಿ ತಣ್ಣಗಾದಂತೆ ಈ ಲಾಭ ಇಳಿಯುತ್ತದೆ, ನೀರು ಕಾಯುವ ಹೊತ್ತು ಏರುತ್ತದೆ. ಊಟಿ, ಕೋತಗಿರಿ, ಕೂನೂರು ಕಡೆ ಡಿಸೆಂಬರ್, ಜನವರಿಯ ಬೆಳಗಿನ ಜಾವ ಅದು ಸೋಲುವುದು ಇದಕ್ಕೇ. ಆ ಕೊರತೆ ತುಂಬಲು ಹಾಕುವುದು ಬ್ಯಾಕಪ್ ಎಲಿಮೆಂಟ್, ಅಂದರೆ ಕರೆಂಟಿನಿಂದ ನೇರವಾಗಿ ನೀರು ಕಾಯಿಸುವ ಕಡ್ಡಿ. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ವ್ಯಾಟ್. ಆದರೆ ಬಿಲ್ಲನ್ನು ನಿರ್ಧರಿಸುವುದು ಅದು ಟ್ಯಾಂಕಿನಲ್ಲಿ ಎಲ್ಲಿ ಕೂತಿದೆ ಮತ್ತು ಅದಕ್ಕೆ ಯಾವಾಗ ಓಡಲು ಅಪ್ಪಣೆ ಇದೆ ಎನ್ನುವುದು.

ನಿಮಗೆ ಬೇಕೇ ಬೇಕೇ?

ಕಾಸರಗೋಡು, ಮಂಜೇಶ್ವರ, ಬದಿಯಡ್ಕದವರಿಗೆ ಸಾಮಾನ್ಯವಾಗಿ ಬೇಡ. ಕರಾವಳಿಯ ಬೆಚ್ಚಗಿನ, ತೇವದ ಗಾಳಿ ಹೀಟ್ ಪಂಪಿಗೆ ಹೇಳಿ ಮಾಡಿಸಿದ್ದು. ಕಂಪ್ರೆಸರ್ ಕೆಟ್ಟ ದಿನಕ್ಕೆಂದು ಬಚ್ಚಲಿನ ಹಳೆಯ ಗೀಸರನ್ನು ಬಿಚ್ಚದೆ ಉಳಿಸಿಕೊಂಡರೆ ಸಾಕು. ಹೊಸೂರು, ತಳಿ, ತಾಳವಾಡಿ ಕಡೆ ಚಳಿ ಇದೆ, ಆದರೆ ಪಂಪ್ ಸೋಲುವಷ್ಟಲ್ಲ. ಅಲ್ಲಿ 1.5 ಕಿಲೋವ್ಯಾಟಿನ ಎಲಿಮೆಂಟ್ ಆಪತ್ತಿಗೆ ಇರಲಿ. ನೀಲಗಿರಿಯ ಮೇಲ್ಭಾಗದ ಲೆಕ್ಕವೇ ಬೇರೆ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿ ಸಮುದ್ರಮಟ್ಟದ ಗಾಳಿಗಿಂತ ಸುಮಾರು ಐದರಲ್ಲಿ ಒಂದು ಪಾಲು ತೆಳು, ಅಂದರೆ ಅದೇ ಫ್ಯಾನ್ ಅಷ್ಟೇ ತಿರುಗಿದರೂ ಶಾಖ ಹೀರುವ ಕೊಳವೆಸುರುಳಿಯ, ಅಂದರೆ ಕಾಯಿಲ್ ಮೇಲೆ ಹಾಯುವ ಗಾಳಿಯ ತೂಕ ಕಡಿಮೆ. ಜೊತೆಗೆ ಮಂಜು. ಹೊರಗೆ 5-7 ಡಿಗ್ರಿಗೆ ಇಳಿದಾಗ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಹಲವು ಯಂತ್ರಗಳು ಶಾಖ ಸಾಗುವ ದಿಕ್ಕನ್ನೇ ತಿರುಗಿಸಿ, ಟ್ಯಾಂಕಿನ ಬಿಸಿಯನ್ನೇ ವಾಪಸ್ ಎಳೆಯುತ್ತವೆ. ಡಬ್ಬದ ಮೇಲೆ ಬರೆದ ಸಾಮರ್ಥ್ಯ ಹೆಚ್ಚಾಗಿ 20 ಡಿಗ್ರಿ ಹವೆಯದ್ದು. ಕೊಳ್ಳುವ ಮುಂಚೆ 7 ಡಿಗ್ರಿಗೆ ಮತ್ತು 2 ಡಿಗ್ರಿಗೆ ಎಷ್ಟು ಶಾಖ ಕೊಡುತ್ತದೆ ಎಂಬ ಕೋಷ್ಟಕವನ್ನು ಕಂಪನಿಯಿಂದ ಕೇಳಿ ಪಡೆಯಿರಿ. ಕೋಷ್ಟಕ ಕೊಡದ ಯಂತ್ರವನ್ನು ಬೆಟ್ಟದ ಮೇಲೆ ಹಾಕಿಸದಿರುವುದೇ ಒಳ್ಳೆಯದು.

ವ್ಯಾಟ್ ಲೆಕ್ಕ

ಸೂತ್ರ ಸುಲಭ: ಲೀಟರನ್ನು ಏರಿಸಬೇಕಾದ ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ ಯೂನಿಟ್ ಬರುತ್ತದೆ. 200 ಲೀಟರ್ ನೀರನ್ನು 12 ಡಿಗ್ರಿಯಿಂದ 50ಕ್ಕೆ ಏರಿಸಲು 200 × 38 ÷ 860, ಅಂದರೆ ಸುಮಾರು 8.8 ಯೂನಿಟ್ ಶಾಖ ಬೇಕು. ನಿಮ್ಮ ಪಂಪ್ ಹದವಾದ ಹವೆಯಲ್ಲಿ 1.8 ಕಿಲೋವ್ಯಾಟ್ ಶಾಖ ಕೊಡುತ್ತಿದ್ದರೆ ಐದು ಗಂಟೆಯಲ್ಲಿ ಮುಗಿಯುತ್ತದೆ. ಚಳಿಗೆ ಅದು 1.2ಕ್ಕೆ ಇಳಿದರೆ ಏಳೂವರೆ ಗಂಟೆ ಹಿಡಿಯುತ್ತದೆ.

ಈಗ ಬೇಕಾಗುವ ನೀರು ನೋಡಿ. ನಾಲ್ಕು ಜನರ ಮನೆಯಲ್ಲಿ ತಲೆಗೆ 40 ಲೀಟರ್ ಹದವಾದ, ಅಂದರೆ 40 ಡಿಗ್ರಿಯ ನೀರು ಎಂದುಕೊಂಡರೆ ಒಟ್ಟು 160 ಲೀಟರ್. ತಣ್ಣೀರು ಬೆರೆಸುವುದರಿಂದ ಟ್ಯಾಂಕಿನಿಂದ ಹೋಗುವುದು 50 ಡಿಗ್ರಿಯ ಸುಮಾರು 120 ಲೀಟರ್ ಮಾತ್ರ. ರಾತ್ರಿಯೆಲ್ಲ ಪಂಪ್ ಓಡಿ ನೀರು ಬೆಚ್ಚಗಾಗಿರುತ್ತದೆ. ಉಳಿದ ಕೆಲಸ ಟ್ಯಾಂಕಿನ ಮೇಲ್ಭಾಗದ 70 ಲೀಟರನ್ನು 30ರಿಂದ 50ಕ್ಕೆ ಏರಿಸುವುದಾದರೆ 1.6 ಯೂನಿಟ್ ಸಾಕು, 2 ಕಿಲೋವ್ಯಾಟಿನ ಎಲಿಮೆಂಟಿಗೆ ಅದು ಸುಮಾರು 50 ನಿಮಿಷದ ಕೆಲಸ. ಪಂಪ್ ಪೂರ್ತಿ ಕೆಟ್ಟು ಕೂತರೂ ಇದೇ ಎಲಿಮೆಂಟ್ ಮೇಲ್ಭಾಗದ ಆ 70 ಲೀಟರನ್ನು 12ರಿಂದ 50ಕ್ಕೆ ಸುಮಾರು ಒಂದೂವರೆ ಗಂಟೆಯಲ್ಲಿ ಕಾಯಿಸಬಲ್ಲದು. ಆದ್ದರಿಂದ 200 ಲೀಟರ್ ಟ್ಯಾಂಕಿಗೆ 2 ಕಿಲೋವ್ಯಾಟ್, 300 ಲೀಟರಿಗೆ 3 ಕಿಲೋವ್ಯಾಟ್ ಸಾಕು. ಅದಕ್ಕಿಂತ ದೊಡ್ಡದನ್ನು ಮಾರುವವರು ನಿಮ್ಮ ವೈರಿಂಗ್ ಬದಲಿಸುವ ಖರ್ಚನ್ನು ಹೇಳುವುದಿಲ್ಲ.

ಒಂದು ಎಚ್ಚರ: ಬೆಟ್ಟದ ಹಳ್ಳಿಗಳಲ್ಲಿ ಬೆಳಿಗ್ಗೆ ವೋಲ್ಟೇಜ್ ಕುಸಿಯುವುದುಂಟು. 230 ವೋಲ್ಟಿನ 2 ಕಿಲೋವ್ಯಾಟ್ ಎಲಿಮೆಂಟ್ 190 ವೋಲ್ಟಿನಲ್ಲಿ ಸುಮಾರು 1.4 ಕಿಲೋವ್ಯಾಟ್ ಮಾತ್ರ ಕೊಡುತ್ತದೆ. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಎಷ್ಟು ವೋಲ್ಟ್ ಬರುತ್ತದೆಂದು ಮೀಟರ್ ಹಿಡಿದು ನೋಡಿ, ಆಮೇಲೆ ಕೊಳ್ಳಿ.

ಮೂರು ಬಗೆ

ಟ್ಯಾಂಕಿನೊಳಗೆ ತಿರುಪಿ ಕೂರಿಸುವ ಎಲಿಮೆಂಟ್ ಮೊದಲನೆಯದು. ಟ್ಯಾಂಕಿಗೆ ಅದರ ತೂತು ಮೊದಲೇ ಇದ್ದರೆ ಬೇರೆ ಯೋಚನೆಯೇ ಬೇಡ, ಇದನ್ನೇ ಹಾಕಿ. ಒಂದೂಕಾಲು ಇಂಚಿನ, ಬ್ರಿಟಿಷ್ ಪೈಪ್ ಅಳತೆಯ ಬಿಎಸ್‌ಪಿ ಮರೆ (ತಿರುಪಿನ ಸುತ್ತು) ಹೆಚ್ಚು ಬಳಕೆಯಲ್ಲಿದೆ, ಆದರೂ ಅಳತೆ ಮಾಡದೆ ತರಬೇಡಿ. ತೂತು ಇಲ್ಲದ ಟ್ಯಾಂಕಿಗೆ ಹೊಸದಾಗಿ ಕೊರೆಸಬಾರದು. ಒಳಗಿನ ಗಾಜಿನ ಲೇಪ ಒಡೆದು, ಟ್ಯಾಂಕ್ ಆ ಜಾಗದಿಂದಲೇ ತುಕ್ಕು ಹಿಡಿಯುತ್ತದೆ.

ಎರಡನೆಯದು ಪಂಪಿನಿಂದ ಟ್ಯಾಂಕಿಗೆ ಹೋಗುವ ಪೈಪಿನ ನಡುವೆ ಕೂರುವ ಹೀಟರ್. ಹೀಟ್ ಪಂಪ್ ಯಂತ್ರ ಹೊರಗೆ ಬೇರೆಯಾಗಿದ್ದು, ಸಣ್ಣ ನೀರಿನ ಪಂಪಿನಿಂದ ನೀರು ಸುತ್ತುವ ವ್ಯವಸ್ಥೆಗೆ ಇದು ಹೊಂದುತ್ತದೆ. ನೀರು ಹರಿಯದಿದ್ದರೆ ಕರೆಂಟ್ ಕಡಿಯುವ ಫ್ಲೋ ಸ್ವಿಚ್ ಇಲ್ಲದೆ ಹಾಕಿದರೆ, ನೀರು ನಿಂತ ದಿನ ಎಲಿಮೆಂಟ್ ಸುಟ್ಟುಹೋಗುತ್ತದೆ.

ಮೂರನೆಯದು ಬಚ್ಚಲಿನಲ್ಲಿ ಇರುವ 15 ಅಥವಾ 25 ಲೀಟರ್ ಗೀಸರನ್ನೇ ಸರಣಿಯಲ್ಲಿ ಜೋಡಿಸುವುದು: ಹೀಟ್ ಪಂಪಿನ ನೀರು ಗೀಸರಿಗೆ ಹೋಗಲಿ, ಅಲ್ಲಿಂದ ನಲ್ಲಿಗೆ. ಬಂದ ನೀರು ಬಿಸಿಯಿದ್ದರೆ ಗೀಸರ್ ಥರ್ಮೋಸ್ಟಾಟ್ ತಾನೇ ಸುಮ್ಮನಿರುತ್ತದೆ. ಹೊಸ ಎಲಿಮೆಂಟ್ ಕೂರಿಸಲು ಜಾಗವಿಲ್ಲದ ಮನೆಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಗೀಸರ್ ಬದಿಗೆ ಒಂದು ಬೈಪಾಸ್ ವಾಲ್ವ್ ಹಾಕಿಸಿ. ಆದರೆ 3 ಲೀಟರಿನ ಇನ್‌ಸ್ಟಂಟ್ ಗೀಸರನ್ನು ನೆಚ್ಚಬೇಡಿ. 3 ಕಿಲೋವ್ಯಾಟ್ ಇದ್ದರೂ ನಿಮಿಷಕ್ಕೆ 5 ಲೀಟರ್ ಹರಿಯುವಾಗ ಅದು ಏರಿಸುವುದು 8-9 ಡಿಗ್ರಿಯಷ್ಟೇ. ಬಿಸಿನೀರು ಒಳಗೆ ಬರುವುದನ್ನು ಅದರ ಪ್ಲಾಸ್ಟಿಕ್ ಭಾಗಗಳು ತಡೆಯುತ್ತವೆಯೇ ಎಂಬುದನ್ನೂ ಕೇಳಬೇಕು.

ಎಲಿಮೆಂಟಿನ ಲೋಹ

ಇದನ್ನು ನಿರ್ಧರಿಸುವುದು ನಿಮ್ಮ ನೀರು. ಹೊಸೂರು ಕಡೆಯ ಬೋರ್‌ವೆಲ್ಲಿನಲ್ಲಾಗಲಿ ಅಕ್ಕಲಕೋಟೆ, ಜತ್ತ ಸೀಮೆಯಲ್ಲಾಗಲಿ ಗಡಸು ನೀರಿದ್ದರೆ ತಾಮ್ರದ ಎಲಿಮೆಂಟ್ ಬೇಡ, ಇಂಕೊಲಾಯ್ (ನಿಕ್ಕಲ್ ಬೆರೆತ ಮಿಶ್ರಲೋಹ) ತನ್ನಿ. ಅದೇ ವ್ಯಾಟಿಗೆ ಉದ್ದವಾಗಿ ಮಡಚಿ ಬಂದಿರುವುದನ್ನು ಆರಿಸಿ. ಮೈ ದೊಡ್ಡದಿದ್ದಷ್ಟೂ ಮೇಲ್ಮೈಯ ಬಿಸಿ ಕಡಿಮೆ, ಸುಣ್ಣ ಕಟ್ಟುವುದೂ ಕಡಿಮೆ. 60 ಡಿಗ್ರಿ ದಾಟಿದ ಮೇಲೆ ಸುಣ್ಣ ಬಲು ಬೇಗ ಕೂರುತ್ತದೆ. ಗಾಜಿನ ಲೇಪದ ಟ್ಯಾಂಕಿನಲ್ಲಿ ಮೆಗ್ನೀಸಿಯಂ ಕಡ್ಡಿ ಇರುತ್ತದೆ, ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ತಾಮ್ರದ ಎಲಿಮೆಂಟ್ ಹಾಕಿದರೆ ಕಡ್ಡಿ ಇನ್ನೂ ಬೇಗ ಸವೆಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಬೆರಳ ದಪ್ಪದ್ದು ಪೆನ್ಸಿಲ್ ದಪ್ಪಕ್ಕೆ ಇಳಿದಿದ್ದರೆ ಬದಲಿಸಿ.

ಸುಣ್ಣ ತೆಗೆಯಲು ಎಲಿಮೆಂಟನ್ನು ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ನೆನೆಹಾಕಿ. ಕಕ್ಕಸು ತೊಳೆಯುವ ಆಸಿಡ್ ಬಳಸಿದರೆ ಸುಣ್ಣದ ಜೊತೆ ಲೋಹವೂ ಹೋಗುತ್ತದೆ.

ಕೂರಿಸುವ ಎತ್ತರ ಮತ್ತು ಥರ್ಮೋಸ್ಟಾಟ್

ಎಲಿಮೆಂಟ್ ಟ್ಯಾಂಕಿನ ಮೇಲಿನ ಮೂರನೇ ಒಂದು ಭಾಗದಲ್ಲಿರಬೇಕು, ಹೀಟ್ ಪಂಪಿನ ಸೆನ್ಸರ್ ಅದಕ್ಕಿಂತ ಕೆಳಗೆ. ಬಿಸಿನೀರು ಮೇಲೇ ನಿಲ್ಲುವುದರಿಂದ ಎಲಿಮೆಂಟ್ ತನ್ನ ಮೇಲಿನ ನೀರನ್ನಷ್ಟೇ ಕಾಯಿಸುತ್ತದೆ, ಕೆಳಗಿನ ತಣ್ಣೀರನ್ನು ಪಂಪಿಗೆ ಬಿಡುತ್ತದೆ. ಎಲಿಮೆಂಟನ್ನು ತಳದಲ್ಲಿ, ಸೆನ್ಸರ್ ಪಕ್ಕಕ್ಕೇ ಕೂರಿಸಿದರೆ ನೀರು ಕಾಯಿತೆಂದು ಸೆನ್ಸರ್ ಮೋಸಹೋಗಿ ಕಂಪ್ರೆಸರ್ ನಿಂತುಬಿಡುತ್ತದೆ. ಆಮೇಲೆ ಇಡೀ ಟ್ಯಾಂಕನ್ನು ಎಲಿಮೆಂಟೇ ಕಾಯಿಸುತ್ತದೆ, ನಲ್ಲಿಯಲ್ಲಿ ಬಿಸಿನೀರು ಬರುತ್ತಲೇ ಇರುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಸೆಟ್ಟಿಂಗಿನಲ್ಲಿಯೂ ಇದೇ ತಪ್ಪು ನುಸುಳುತ್ತದೆ. ಪಂಪ್ 50ಕ್ಕೆ ಇಟ್ಟಿದ್ದರೆ ಎಲಿಮೆಂಟಿನ ಥರ್ಮೋಸ್ಟಾಟ್ 45ಕ್ಕೆ ಇರಬೇಕು. ಎರಡೂ ಸಮ ಇಟ್ಟರೆ ಅಥವಾ ಎಲಿಮೆಂಟ್ ಮೇಲಿದ್ದರೆ ಅದೇ ಮುಂದಾಗಿ ಓಡುತ್ತದೆ. ಪಂಪಿನ ಕಂಟ್ರೋಲರಿನಲ್ಲಿ ಅವಕಾಶವಿದ್ದರೆ ಇನ್ನೆರಡು ಕಡಿವಾಣ ಹಾಕಿ: ಹೊರಗೆ 8-10 ಡಿಗ್ರಿಗಿಂತ ಕೆಳಗಿದ್ದಾಗ ಮಾತ್ರ ಎಲಿಮೆಂಟಿಗೆ ಅನುಮತಿ, ಅದೂ ಕಂಪ್ರೆಸರ್ ಒಂದೂವರೆ ಗಂಟೆ ಓಡಿದರೂ ನೀರು ಕಾಯದಿದ್ದರೆ ಮಾತ್ರ. ಅಂಥ ಕಂಟ್ರೋಲರ್ ಇಲ್ಲದಿದ್ದರೆ ಟೈಮರ್ ಹಾಕಿಸಿ, ಬೆಳಿಗ್ಗೆ 4ರಿಂದ 6ರವರೆಗೆ.

ತಮಿಳುನಾಡಿನ ಇಬಿ ಬಿಲ್ ಎರಡು ತಿಂಗಳಿಗೊಮ್ಮೆ ಬರುತ್ತದಲ್ಲ, ಅದರ ಮೇಲೆ ಇದರ ಪೆಟ್ಟು ದೊಡ್ಡದು. ದಿನಕ್ಕೆ 8.8 ಯೂನಿಟ್ ಎಲಿಮೆಂಟೇ ತಿಂದರೆ 60 ದಿನಕ್ಕೆ 530 ಯೂನಿಟ್ ಆಗುತ್ತದೆ. 500 ದಾಟಿದರೆ ಕೆಳಗಿನ ಕೆಲವು ಯೂನಿಟ್‌ಗಳ ದರವೂ ಏರುತ್ತದೆ. ಅದೇ ಶಾಖವನ್ನು ಪಂಪ್ ಹದವಾದ ಹವೆಯಲ್ಲಿ ಸುಮಾರು 180 ಯೂನಿಟ್‌ಗಳಲ್ಲಿ, ಚಳಿಯಲ್ಲಿ 270ರ ಒಳಗೆ ಕೊಡುತ್ತದೆ.

ವಾರಕ್ಕೊಂದು ರಾತ್ರಿ ಮಾತ್ರ ಎಲಿಮೆಂಟಿನಿಂದ ನೀರನ್ನು 60 ಡಿಗ್ರಿಗೆ ಏರಿಸಿ, ಒಂದು ಗಂಟೆ ಹಾಗೇ ಇರಲಿ. ಉಗುರುಬೆಚ್ಚಗಿನ ನೀರು ನಿಂತ ಟ್ಯಾಂಕಿನಲ್ಲಿ ಬೆಳೆಯುವ ಲೀಜಿಯೊನೆಲ್ಲಾ ರೋಗಾಣು, ಎಲಿಮೆಂಟಿನ ಮೇಲಿನ ನೀರಿನಲ್ಲಿ, ಇದರಿಂದ ಸಾಯುತ್ತದೆ. ಮರುದಿನ ಬೆಳಿಗ್ಗೆ ಮಕ್ಕಳು, ಮುದುಕರು ನಲ್ಲಿ ತಿರುಗಿಸುವ ಮುಂಚೆ ತಣ್ಣೀರು ಬೆರೆಸಿ ನೋಡಿ, 60 ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಚರ್ಮ ಸುಡುತ್ತದೆ.

ವೈರಿಂಗ್

2 ಕಿಲೋವ್ಯಾಟಿಗೆ 8.7 ಆಂಪ್, 3 ಕಿಲೋವ್ಯಾಟಿಗೆ 13 ಆಂಪ್. ಮೊದಲನೆಯದಕ್ಕೆ 2.5 ಸ್ಕ್ವೇರ್ ತಾಮ್ರದ ವೈರ್, 16 ಆಂಪ್ ಎಂಸಿಬಿ. ಎರಡನೆಯದಕ್ಕೆ 4 ಸ್ಕ್ವೇರ್, 20 ಆಂಪ್ ಎಂಸಿಬಿ. ಎರಡಕ್ಕೂ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಕಡ್ಡಾಯ, ಪಂಪಿನ ಲೈನ್ ಬೇರೆಯಾಗಿರಲಿ. ಪ್ಲಗ್ಗಿಗೆ ಚುಚ್ಚಿ ಗಂಟೆಗಟ್ಟಲೆ ಓಡಿಸಿದರೆ ಪಿನ್ ಸಡಿಲವಾಗಿ, ಸಾಕೆಟ್ ಕಪ್ಪಾಗಿ ಕರಗುತ್ತದೆ. ಡಬಲ್ ಪೋಲ್ ಸ್ವಿಚ್ಚಿನಿಂದ ನೇರ ಟರ್ಮಿನಲ್ಲಿಗೆ ಕೊಡಿ. ಪಂಪಿನ ಬೋರ್ಡಿನಲ್ಲಿರುವ ಸಣ್ಣ ರಿಲೇ ಈ ಭಾರ ಹೊತ್ತರೆ ಅಂಟಿಕೊಳ್ಳುವ ಭಯ ಇದೆ, ಅಂಟಿದರೆ ಎಲಿಮೆಂಟ್ ಆಫ್ ಆಗುವುದೇ ಇಲ್ಲ. ರಿಲೇ 25 ಆಂಪಿನ ಕಾಂಟ್ಯಾಕ್ಟರನ್ನು (ಹೆಚ್ಚು ಕರೆಂಟ್ ಹೊರುವ ದೊಡ್ಡ ಸ್ವಿಚ್) ಎಳೆಯಲಿ, ಎಲಿಮೆಂಟಿನ ಕರೆಂಟ್ ಕಾಂಟ್ಯಾಕ್ಟರ್ ಮೂಲಕ ಹೋಗಲಿ. ಇನ್ವರ್ಟರ್ ಲೈನಿಗೆ ಎಲಿಮೆಂಟನ್ನು ಸೇರಿಸಬಾರದು. ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲೇ ಇರುತ್ತದೆ, ಹೊಸ ಭಾರ ಅದನ್ನು ಮೀರಿದರೆ ಮೊದಲು ಲೋಡ್ ಹೆಚ್ಚಿಸಿಕೊಳ್ಳಿ.

ಥರ್ಮೋಸ್ಟಾಟ್ ಕೈಕೊಟ್ಟರೆ ತಡೆಯಲು ಬೇರೆಯೇ ಒಂದು ಕಟೌಟ್ ಇರಬೇಕು, ಕೈಯಿಂದ ಒತ್ತಿ ರೀಸೆಟ್ ಮಾಡುವಂಥದ್ದು. ಕೆಲವು 90 ಡಿಗ್ರಿಗೆ ಕಡಿಯುತ್ತವೆ. ಊಟಿಯಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದೇ 92-93 ಡಿಗ್ರಿಗೆ. ಅಲ್ಲಿಗೆ 80ರಲ್ಲಿ ಕಡಿಯುವುದನ್ನು ಕೇಳಿ ತನ್ನಿ.

ಜೋಡಿಸುವ ದಿನ

ಮೊದಲು ಎಲಿಮೆಂಟನ್ನು 500 ವೋಲ್ಟ್ ಮೆಗ್ಗರಿನಿಂದ (ಕರೆಂಟ್ ಸೋರಿಕೆ ಪತ್ತೆಹಚ್ಚುವ ಮೀಟರ್) ಪರೀಕ್ಷಿಸಿ. ಪಿನ್ನಿಗೂ ಲೋಹದ ಮೈಗೂ ನಡುವೆ 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಒಳಗಿನ ಪುಡಿ ತೇವ ಹಿಡಿದಿದೆ ಎಂದರ್ಥ. ಮಳೆಗಾಲದಲ್ಲಿ ಗೋದಾಮಿನಲ್ಲಿದ್ದ ಸರಕಿನಲ್ಲಿ ಇದು ಸಾಮಾನ್ಯ. ಬಿಸಿಲಲ್ಲಿ ಒಣಗಿಸಿ ಮತ್ತೆ ನೋಡಿ, ಏರದಿದ್ದರೆ ವಾಪಸ್ ಕೊಡಿ. ಮೇನ್ ಆಫ್ ಮಾಡಿ, ಟ್ಯಾಂಕ್ ಖಾಲಿ ಮಾಡಿ, ಹೊಸ ವಾಷರ್ ಹಾಕಿ ತಿರುಪಿ. ಗಾಜಿನ ಲೇಪದ ಟ್ಯಾಂಕಿಗೆ ಅತಿ ಬಿಗಿ ಮಾಡಬೇಡಿ. ನೀರು ತುಂಬಿಸಿ, ಬಿಸಿನೀರಿನ ಎಲ್ಲ ನಲ್ಲಿ ತೆರೆದು ಗಾಳಿಯ ಬುರುಬುರು ನಿಂತು ಧಾರೆ ಸಮವಾಗುವವರೆಗೆ ಬಿಡಿ. ಅದಕ್ಕೆ ಮುಂಚೆ ಸ್ವಿಚ್ ಮುಟ್ಟಿದರೆ ಬರಿಮೈಯಲ್ಲಿ ಕಾದ ಎಲಿಮೆಂಟ್ ಬೇಗನೆ ಸುಟ್ಟುಹೋಗುತ್ತದೆ.

200 ಲೀಟರ್ ನೀರು 12ರಿಂದ 60 ಡಿಗ್ರಿಗೆ ಏರುವಾಗ ಮೂರು ಲೀಟರಿಗೂ ಹೆಚ್ಚು ಹಿಗ್ಗುತ್ತದೆ. ತಣ್ಣೀರಿನ ಪೈಪಿನಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಇದ್ದರೆ ಆ ನೀರಿಗೆ ಹೋಗಲು ಸೇಫ್ಟಿ ವಾಲ್ವ್ ಬಿಟ್ಟು ಬೇರೆ ದಾರಿಯಿಲ್ಲ. ಸೇಫ್ಟಿ ವಾಲ್ವಿನ ಬಾಯಿಗೆ ಬಿರಡೆ ಹಾಕಿಲ್ಲ ಎಂದು ಖಚಿತ ಮಾಡಿಕೊಳ್ಳಿ. ತೊಟ್ಟಿಕ್ಕುತ್ತದೆಂದು ಪ್ಲಂಬರ್ ಮುಚ್ಚಿದ್ದರೆ ತಕ್ಷಣ ತೆಗೆಸಿ, ಟ್ಯಾಂಕ್ ಸಿಡಿಯುವುದು ಹೀಗೆಯೇ.

ಕೊನೆಗೆ ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿ. ಪಂಪೊಂದೇ ಓಡುವಾಗ ಬರುವ ಆಂಪ್ ಬರೆದಿಟ್ಟುಕೊಳ್ಳಿ, 200 ಲೀಟರಿನ ಯಂತ್ರಕ್ಕೆ ಅದು ಸಾಮಾನ್ಯವಾಗಿ 3-4. ಎಲಿಮೆಂಟ್ ಸೇರಿದಾಗ ಅದಕ್ಕೆ 8.7 ಕೂಡುತ್ತದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮತ್ತೆ ಅಳೆಯಿರಿ. ಆಗಲೂ 12 ಆಂಪ್ ಬಂದರೆ ರಿಲೇ ಅಂಟಿದೆ, ಇಲ್ಲವೇ ಥರ್ಮೋಸ್ಟಾಟ್ 45ರಿಂದ ಮೇಲೆ ಹೋಗಿದೆ.