ಇಂಗ್ಲಿಷ್ ಕ್ರಿಯಾಪದದ ವರಸೆ ಕಲಿಯುವುದು ಹೇಗೆ?

'ಪ್ಲೀಸ್ ಇನ್‌ಫಾರ್ಮ್ ಅಸ್ ಯುವರ್ ಅರೈವಲ್ ಟೈಮ್.' ಮಡಿಕೇರಿ, ವಿರಾಜಪೇಟೆ ಕಡೆಯ ಹೋಂಸ್ಟೇಗಳಿಂದ ಅತಿಥಿಗಳಿಗೆ ಹೋಗುವ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಇಂಥ ವಾಕ್ಯ ಮಾಮೂಲು. ಅರ್ಥವಾಗಲು ಏನೂ ತೊಂದರೆಯಿಲ್ಲ. ಆದರೆ 'ಇನ್‌ಫಾರ್ಮ್ ಅಸ್' ಎಂದಮೇಲೆ ವಿಷಯ ಹೇಳಬೇಕಿದ್ದರೆ ನಡುವೆ 'ಆಫ್' ಅಥವಾ 'ಅಬೌಟ್' ಬೇಕು: 'ಇನ್‌ಫಾರ್ಮ್ ಅಸ್ ಆಫ್ ಯುವರ್ ಅರೈವಲ್ ಟೈಮ್.' ಟೆನ್ಸ್ ಪಟ್ಟಿಯನ್ನು ಎಷ್ಟು ಉರು ಹೊಡೆದರೂ ಇದು ಸಿಗುವುದಿಲ್ಲ. ಇಂಗ್ಲಿಷಿನ ಒಂದೊಂದು ಕ್ರಿಯಾಪದಕ್ಕೂ ಅದರದ್ದೇ ವರಸೆ, ಅಂದರೆ ಅದರ ಮುಂದೆ ಏನು ಹೇಗೆ ಬರಬೇಕೆಂಬ ಕ್ರಮ, ಇದೆ. ಆ ಪದವಿರುವ ವಾಕ್ಯಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದು ಕಣ್ಣಿಗೆ ಬೀಳುತ್ತದೆ. ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ.

ಒಂದೇ ಪದ ಆರಿಸಿ

ದಿನಬಳಕೆಯ ಕ್ರಿಯಾಪದವೇ ಆಗಲಿ. ಅಪರೂಪದ ಪದ ಕಲಿತರೆ ಗೆಳೆಯರು ಬೆರಗಾಗಬಹುದು, ಕೆಲಸಕ್ಕೆ ಬರುವುದು ಕಡಿಮೆ. ಪ್ರವಾಸಿಗರೊಡನೆ ಒಡನಾಡುವವರಿಗೆ ದಿನಾ ಬೇಕಾಗುವ 'ಸಜೆಸ್ಟ್' ಅನ್ನೇ ಇಲ್ಲಿ ತೆಗೆದುಕೊಳ್ಳೋಣ.

ವಾಕ್ಯ ಕೂಡಿಹಾಕಿ

ಇಂಗ್ಲಿಷ್ ಪತ್ರಿಕೆ, ಪ್ರವಾಸಿಗರ ರಿವ್ಯೂ, ಇಮೇಲ್ ಎಲ್ಲಿ ಆ ಪದ ಸಿಕ್ಕರೂ ಇಡೀ ವಾಕ್ಯ ಬರೆದುಕೊಳ್ಳಿ. ಹತ್ತು ಹದಿನೈದು ವಾಕ್ಯ ಸಾಕು. ನೋಟ್‌ಬುಕ್ಕನ್ನು ಅಡ್ಡಲಾಗಿ ಇಟ್ಟುಕೊಂಡು, ನಿಮ್ಮ ಪದ ಹಾಳೆಯ ನಟ್ಟನಡುವೆ ಒಂದರ ಕೆಳಗೊಂದು ಬರುವಂತೆ ಬರೆಯಿರಿ. ಮೊಬೈಲಿನಲ್ಲೂ ಮಾಡಬಹುದು, ಆದರೆ ನಮ್ಮ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಕೈಕೊಡುವುದು ನಿಮಗೆ ಗೊತ್ತೇ ಇದೆ.

ಹೀಗೆ ಪದವನ್ನು ನಡುವೆ ಇಟ್ಟು ಸಾಲು ಜೋಡಿಸುವುದಕ್ಕೆ ಭಾಷಾತಜ್ಞರು ಕನ್ಕಾರ್ಡೆನ್ಸ್ ಎನ್ನುತ್ತಾರೆ. 1980ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ತಂಡ ಕಂಪ್ಯೂಟರಿನಿಂದ ಈ ಕೆಲಸ ಮಾಡಿಸಿ, ಜನ ನಿಜವಾಗಿ ಆಡುವ, ಬರೆಯುವ ಇಂಗ್ಲಿಷನ್ನು ಆಧರಿಸಿ ನಿಘಂಟು ಕಟ್ಟಲು ಹೊರಟಿತು.

ಪದದ ಬಲಗಡೆ ಏನಿದೆ?

ನಿಮ್ಮ ಹಾಳೆಯಲ್ಲಿ ಹೆಚ್ಚುಕಡಿಮೆ ಇಂಥ ಸಾಲುಗಳು ಇರುತ್ತವೆ:

ದಿ ಹೋಸ್ಟ್ ಸಜೆಸ್ಟೆಡ್ ಅ ಶಾರ್ಟರ್ ಟ್ರೇಲ್
ಅವರ್ ಡ್ರೈವರ್ ಸಜೆಸ್ಟೆಡ್ ವಿಸಿಟಿಂಗ್ ರಾಜಾಸ್ ಸೀಟ್ ಬಿಫೋರ್ ಸನ್‌ಸೆಟ್
ದೇ ಸಜೆಸ್ಟೆಡ್ ದಟ್ ವಿ ಸ್ಟಾರ್ಟ್ ಅರ್ಲಿ ಫಾರ್ ತಡಿಯಂಡಮೋಳ್

ಬಲಗಡೆ ಮೊದಲ ಸಾಲಿನಲ್ಲಿ ನಾಮಪದ, ಎರಡನೆಯದರಲ್ಲಿ 'ಇಂಗ್' ರೂಪ, ಮೂರನೆಯದರಲ್ಲಿ 'ದಟ್' ಹಿಡಿದುಕೊಂಡು ಬಂದ ಇಡೀ ವಾಕ್ಯ. ಮೂರಕ್ಕೂ ಬೇರೆ ಬೇರೆ ಗುರುತು ಹಾಕಿ. ಈಗ ಹಾಳೆಯಲ್ಲಿ ಏನಿಲ್ಲ ಎಂದು ನೋಡಿ. ಒಳ್ಳೆಯ ಪತ್ರಿಕೆ, ಪುಸ್ತಕಗಳಿಂದ ಆಯ್ದ ವಾಕ್ಯಗಳಲ್ಲಿ 'ಸಜೆಸ್ಟೆಡ್ ಅಸ್ ಟು ಗೋ' ಸಿಗುವುದು ಕಷ್ಟ. ನಮ್ಮ ಬಾಯಲ್ಲಿ ಬರುವುದು ಮಾತ್ರ ಅದೇ! 'ನಮಗೆ ಹೋಗಲು ಸೂಚಿಸಿದರು' ಎಂಬ ಕನ್ನಡದ ಜಾಡಿನಲ್ಲಿ ನಾಲಿಗೆ ಅತ್ತ ಹೊರಳುತ್ತದೆ. ಸಾಲದ್ದಕ್ಕೆ 'ಟೋಲ್ಡ್ ಅಸ್ ಟು ಗೋ', 'ಅಡ್ವೈಸ್ಡ್ ಅಸ್ ಟು ಗೋ' ಎರಡೂ ಸರಿಯಾದ ಪ್ರಯೋಗಗಳೇ. ಅರ್ಥ ಹತ್ತಿರವಿದ್ದ ಮಾತ್ರಕ್ಕೆ ವರಸೆ ಒಂದೇ ಇರಬೇಕೆಂದಿಲ್ಲ. 'ಡಿಸ್ಕಸ್ ಅಬೌಟ್' ಹುಟ್ಟುವುದೂ ಹೀಗೆಯೇ: 'ಬಗ್ಗೆ ಚರ್ಚಿಸಿದೆವು' ಎಂಬುದರ 'ಬಗ್ಗೆ' ಅಲ್ಲಿಗೂ ಬಂದು ಕೂರುತ್ತದೆ. 'ಡಿಸ್ಕಸ್'ಗೆ ಅದರ ಅಗತ್ಯವಿಲ್ಲ, 'ವಿ ಡಿಸ್ಕಸ್ಡ್ ದಿ ರೇಟ್' ಎಂದರೆ ಮುಗಿಯಿತು.

ಕೆಲವು ಪದಗಳು ಎರಡು ವರಸೆಗೂ ಒಗ್ಗುತ್ತವೆ. 'ಪ್ರೊವೈಡ್ ಹಾಟ್ ವಾಟರ್ ಟು ಗೆಸ್ಟ್ಸ್' ಎನ್ನಬಹುದು, 'ಪ್ರೊವೈಡ್ ಗೆಸ್ಟ್ಸ್ ವಿತ್ ಹಾಟ್ ವಾಟರ್' ಎಂದೂ ಹೇಳಬಹುದು. ಅತಿಥಿ ಮೊದಲು ಬಂದರೆ ನೀರಿಗೆ 'ವಿತ್' ಬೇಕು.

ತಾಳೆ ನೋಡಿ

ನಿಮ್ಮ ಊಹೆಯನ್ನು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟಿನಲ್ಲಿ ಪರೀಕ್ಷಿಸಿ. ಇಂಗ್ಲಿಷ್–ಕನ್ನಡ ನಿಘಂಟು ಸಾಮಾನ್ಯವಾಗಿ ಅರ್ಥಕ್ಕೇ ನಿಲ್ಲುತ್ತದೆ, ಇಂಥ ನಿಘಂಟು ಪದದ ಮುಂದೆ ಏನು ಬರುತ್ತದೆಂದೂ ತೋರಿಸುತ್ತದೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಕ್ರಿಯಾಪದಗಳ ಮಾದರಿಗಳನ್ನು ವಿಂಗಡಿಸಿ ತೋರಿಸಿದ ನಿಘಂಟು 1942ರಲ್ಲೇ ಟೋಕಿಯೊದಲ್ಲಿ ಅಚ್ಚಾಗಿತ್ತು.

ಇಂಟರ್‌ನೆಟ್ ಇದ್ದರೆ ಕಾರ್ಪಸ್ ಎಂಬ ವಾಕ್ಯಭಂಡಾರಗಳಲ್ಲಿ ಹುಡುಕಿ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದಗಳಿವೆ. ಅಮೆರಿಕನ್ ಇಂಗ್ಲಿಷಿನ ಕೋಕಾ (COCA) ಎಂಬ ಕಾರ್ಪಸ್‌ನಲ್ಲಿ 100 ಕೋಟಿ. ಬರೀ ಗೂಗಲ್ ಹುಡುಕಾಟವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅಲ್ಲಿ 'ಡಿಸ್ಕಸ್ ಅಬೌಟ್' ಕೂಡ ರಾಶಿ ರಾಶಿ ಸಿಗುತ್ತದೆ. ಅಲ್ಲೇ ಹುಡುಕಬೇಕಾದರೆ ಎರಡೂ ರೂಪಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಯಾವುದು ಎಂಥ ಜಾಲತಾಣಗಳಲ್ಲಿ ಬರುತ್ತದೆ ನೋಡಿ.

ನಿಮ್ಮದೇ ವಾಕ್ಯ ಬರೆಯಿರಿ

ಕಂಡುಕೊಂಡ ಒಂದೊಂದು ವರಸೆಗೂ ನಿಮ್ಮ ಕೆಲಸದ ವಾಕ್ಯ ಕಟ್ಟಿ. ಕಾಫಿ ಕೊಯ್ಲು, ರೂಮಿನ ಬಾಡಿಗೆ, ಕುಶಾಲನಗರದ ಬಸ್ಸು, ಯಾವುದಾದರೂ ಸರಿ. ಬಾಯಿಬಿಟ್ಟು ಓದಿ, ಮಾರನೆಯ ದಿನವೇ ಒಂದನ್ನು ಸಂದೇಶದಲ್ಲಿ ಬಳಸಿ. ವಾರಕ್ಕೊಂದು ಪದ ಸಾಕು.

ಮುಂದಿನ ವಾರಕ್ಕೆ 'ಎಕ್ಸ್‌ಪ್ಲೇನ್' ಹಿಡಿಯಿರಿ. ಅದರ ಬಲಗಡೆ ಬರೀ 'ಮಿ' ಎಷ್ಟು ಸಲ ಬಂದಿದೆ, 'ಟು ಮಿ' ಎಷ್ಟು ಸಲ ಬಂದಿದೆ ಎಂದು ಎಣಿಸಿ.